ಮಿಡತೆಯ ಹೆಸರಿನಲ್ಲೇ ಇದೆ ಗುಟ್ಟು

ಕಳೆದ ಶ್ರಾವಣದಲ್ಲಿ ತಮ್ಮನ ಮನೆಗೆ ಹೋಗಿದ್ದೆ. ತೀರ್ಥಹಳ್ಳಿಯಿಂದಾಚೆ, ಅಡಿಕೆ ತೋಟದ ನಡುವಿನ ಮನೆ. ಸಂಜೆ ಮಳೆ ಹೊಳವಾಗಿತ್ತು. ಜಗಲಿಯ ಬಲ್ಬಿನ ಕೆಳಗೆ ಹುಡುಗರು ಕೇರಂ ಹಾಕಿಕೊಂಡು ಕೂತಿದ್ದರು. ರೆಡ್ಡು ಯಾರ ಪಾಲು ಎಂಬ ಜಗಳ ಕಾವೇರುತ್ತಿದ್ದಾಗ ಎಲ್ಲಿಂದಲೋ ಒಂದು ಹಸಿರು ಮಿಡತೆ ಬಂದು ಬೋರ್ಡಿನ ನಟ್ಟನಡುವೆ ಕೂತಿತು. ತಮ್ಮನ ಮಗ ಸ್ಟ್ರೈಕರ್ ಬಿಟ್ಟು, ಬೆರಳನ್ನು ಹೆಬ್ಬೆರಳಿಗೆ ಸಿಕ್ಕಿಸಿ, ಅದನ್ನೇ ಹೊಡೆಯಲು ಗುರಿಯಿಟ್ಟ. ಬೆರಳು ಬಿಡುವ ಮೊದಲೇ ಮಿಡತೆ ಮಾಯ. ಬೋರಿಕ್ ಪೌಡರಿನ ಮೇಲೆ ಎರಡು ಸಣ್ಣ ಗೀರು ಮಾತ್ರ ಉಳಿದಿದ್ದವು. ಅದರ ಹಿಂಗಾಲಿನ ಪಾದಗಳು ಒತ್ತಿದ ಜಾಗ.

'ದೊಡ್ಡಪ್ಪ, ಇದರ ಕಾಲಲ್ಲಿ ಸ್ಪ್ರಿಂಗ್ ಇದೆಯಾ?' ಅಂದ ಹುಡುಗ.

'ಇದೆ. ಈಗ ನೀನು ಬೆರಳು ಸಿಕ್ಕಿಸಿಕೊಂಡಿದ್ದೀಯಲ್ಲ, ಹೆಚ್ಚುಕಡಿಮೆ ಅದೇ ಥರ' ಅಂದೆ. ಅವನಿಗೆ ನಂಬಿಕೆ ಬರಲಿಲ್ಲ. ದೊಡ್ಡಪ್ಪ ಎಂದಿನಂತೆ ಏನೋ ಹೇಳಿ ಜಾರಿಕೊಳ್ಳುತ್ತಿದ್ದಾನೆ ಅಂದುಕೊಂಡ ಅಂತ ಕಾಣುತ್ತದೆ.

ಆದರೆ ನಾನು ಹೇಳಿದ್ದು ಅಕ್ಷರಶಃ ನಿಜ, ಕನ್ನಡಕ್ಕೂ ಇದು ಮೊದಲಿನಿಂದ ಗೊತ್ತಿದ್ದಂತಿದೆ. ಮಿಡಿ ಎಂದರೆ ಬೆರಳನ್ನು ಹೆಬ್ಬೆರಳಿಗೆ ಆನಿಸಿ ಚಿಮ್ಮಿಸುವುದು. ಹೆದೆಯನ್ನು ಮಿಡಿಯುತ್ತಾರೆ, ತಂತಿಯನ್ನು ಮಿಡಿಯುತ್ತಾರೆ. ಆ ಮಿಡಿ ಇರುವುದು ಮಿಡತೆಯ ಹೆಸರಿನಲ್ಲೇ. ಜಿಗಿಯುವ ಕೀಟಗಳ ಬಗ್ಗೆ ಭೌತಶಾಸ್ತ್ರ ಕಳೆದ ಅರವತ್ತು ವರ್ಷಗಳಲ್ಲಿ ಕಂಡುಕೊಂಡಿದ್ದರ ತಿರುಳು ಈ ಒಂದು ಕ್ರಿಯಾಪದದೊಳಗೆ ಅಡಗಿ ಕೂತಿದೆ. ಹಾಗಂತ ನಮ್ಮ ಪೂರ್ವಿಕರಿಗೆ ಎಲ್ಲ ಗೊತ್ತಿತ್ತು ಎಂದು ಎದೆಯುಬ್ಬಿಸುವ ಜಾತಿಯವನು ನಾನಲ್ಲ. ಅವರು ಮಿಡತೆಯನ್ನು ಕಣ್ಣುಬಿಟ್ಟು ನೋಡಿದ್ದರು, ಅಷ್ಟೆ.

ಕೀಟದ ಜಿಗಿತ ಎಂದ ಕೂಡಲೇ ಶಾಲೆಯ ಕ್ವಿಜ್ ಪುಸ್ತಕಗಳ ಒಂದು ಸಾಲು ನೆನಪಾಗುತ್ತದೆ. ಚಿಗಟ ತನ್ನ ಉದ್ದದ 150 ಪಟ್ಟು ಎತ್ತರ ಹಾರುತ್ತದೆ, ಮನುಷ್ಯನಿಗೆ ಆ ಶಕ್ತಿ ಇದ್ದಿದ್ದರೆ! ಲೆಕ್ಕ ಹಾಕೋಣ. ಐದೂವರೆ ಅಡಿಯ ನಾನು 825 ಅಡಿ ನೆಗೆಯಬೇಕು. ಜೋಗದ ಎತ್ತರ 830 ಅಡಿ. ಅಂದರೆ ಗುಂಡಿಯಲ್ಲಿ ನಿಂತು ಒಮ್ಮೆ ಹಾರಿದರೆ ರಾಜಾ ಧಾರೆಯ ನೆತ್ತಿಗೆ ಕೈ ತಾಕಬೇಕು. ಓದಲು ಚೆನ್ನಾಗಿದೆ, ಆದರೆ ಹೋಲಿಕೆಯೇ ತಪ್ಪು.

ಇದು ತಪ್ಪು ಎಂದು ಇಟಲಿಯ ಜೊವಾನಿ ಬೊರೆಲ್ಲಿ ಹದಿನೇಳನೇ ಶತಮಾನದಲ್ಲೇ ಕಂಡುಕೊಂಡಿದ್ದ. ಪ್ರಾಣಿಗಳ ಚಲನೆಯ ಬಗ್ಗೆ ಆತ ಬರೆದ ಪುಸ್ತಕ ಅಚ್ಚಾದದ್ದು ಅವನು ತೀರಿಕೊಂಡ ಮೇಲೆ, 1680ರ ಹೊತ್ತಿಗೆ. ಅವನ ತರ್ಕ ಸರಳ. ದೇಹ ದೊಡ್ಡದಾದರೆ ಎತ್ತಬೇಕಾದ ತೂಕ ಹೆಚ್ಚುತ್ತದೆ, ಎತ್ತುವ ಮಾಂಸಖಂಡವೂ ಅದೇ ಪ್ರಮಾಣದಲ್ಲಿ ಹೆಚ್ಚುತ್ತದೆ. ಒಂದು ಕಿಲೋ ಮಾಂಸಖಂಡ ಒಮ್ಮೆ ಸೆಟೆದಾಗ ಮಾಡುವ ಕೆಲಸ ಹುಳದಲ್ಲೂ ಕುದುರೆಯಲ್ಲೂ ಸುಮಾರಾಗಿ ಒಂದೇ. ಹಾಗಾದರೆ ಎಲ್ಲ ಪ್ರಾಣಿಗಳೂ ಸರಿಸುಮಾರು ಒಂದೇ ಎತ್ತರಕ್ಕೆ ನೆಗೆಯಬೇಕು. ದೇಹದ ಉದ್ದ ಈ ಲೆಕ್ಕದೊಳಗೆ ಬರುವುದೇ ಇಲ್ಲ. ನಿಂತಲ್ಲಿಂದ ಹಾರುವ ಒಳ್ಳೆಯ ಆಟಗಾರ ತನ್ನ ದೇಹವನ್ನು ಅರ್ಧ ಮೀಟರಿನಷ್ಟು ಮೇಲೆತ್ತುತ್ತಾನೆ. ಮರುಭೂಮಿಯ ಮಿಡತೆಯದೂ ಹತ್ತಿರಹತ್ತಿರ ಅಷ್ಟೇ. ನಾಯಿ-ಬೆಕ್ಕಿನ ಚಿಗಟ ಹೆಚ್ಚೆಂದರೆ ಒಂದು ಗೇಣು. ಚಿಗಟವನ್ನು ಮನುಷ್ಯನಷ್ಟು ದೊಡ್ಡದು ಮಾಡಿದರೆ ಅದು ಜೋಗ ಹತ್ತುವುದಿಲ್ಲ. ಅದೇ ಒಂದೆರಡು ಗೇಣು ಹಾರಿ, ನಮ್ಮ ಮುಂದೆ ನಾಚಿಕೊಂಡು ನಿಲ್ಲುತ್ತದೆ.

ಹಾಗಾದರೆ ಕೀಟದ ಜಿಗಿತದಲ್ಲಿ ವಿಶೇಷವೇ ಇಲ್ಲವೆ? ಇದೆ. ಎತ್ತರದಲ್ಲಲ್ಲ, ಸಮಯದಲ್ಲಿ.

ನಾವು ನೆಗೆಯುವಾಗ ಮೊಣಕಾಲು ಬಗ್ಗಿಸಿ ಕುಕ್ಕರಿಸುತ್ತೇವೆ. ದೇಹ ಮೇಲೇಳುತ್ತ ನೆಲ ಬಿಡುವ ಮೊದಲು ಒಂದಡಿಗಿಂತ ಹೆಚ್ಚು ದೂರ ಕಾಲು ನೆಲವನ್ನು ಒತ್ತುತ್ತಲೇ ಇರುತ್ತದೆ. ಅದಕ್ಕೆ ಹಿಡಿಯುವ ಹೊತ್ತು ಸುಮಾರು ಕಾಲು ಸೆಕೆಂಡು. ಮಾಂಸಖಂಡಕ್ಕೆ ಅಷ್ಟು ಸಾಕು. ಈಗ ಚಿಗಟದ ಕಡೆ ನೋಡಿ. ಅದರ ಕಾಲು ಚಾಚಿಕೊಳ್ಳಲು ಇರುವ ಜಾಗ ಅರ್ಧ ಮಿಲಿಮೀಟರ್ ಇದ್ದೀತು. ಅಷ್ಟರಲ್ಲೇ ಸೆಕೆಂಡಿಗೆ ಒಂದು ಮೀಟರ್ ವೇಗ ಬರಬೇಕು. ಭಾಗಿಸಿ ನೋಡಿದರೆ ಅದಕ್ಕೆ ಸಿಗುವ ಸಮಯ ಒಂದು ಮಿಲಿಸೆಕೆಂಡು, ಅಂದರೆ ಸೆಕೆಂಡಿನ ಸಾವಿರದ ಒಂದು ಪಾಲು. ಜಗತ್ತಿನ ಯಾವ ಮಾಂಸಖಂಡವೂ ಅಷ್ಟರಲ್ಲಿ ಪೂರ್ತಿ ಸೆಟೆಯುವುದಿಲ್ಲ. ಮಾಂಸಖಂಡ ಬಿರುಸಾಗಿ ಎಳೆಯಬೇಕಾದರೆ ನಿಧಾನವಾಗಿ ಎಳೆಯಬೇಕು, ಬೇಗ ಎಳೆದರೆ ಬಲ ಇಳಿದುಹೋಗುತ್ತದೆ. ಎ.ವಿ. ಹಿಲ್ ಎಂಬ ಇಂಗ್ಲಿಷ್ ವಿಜ್ಞಾನಿ 1938ರಲ್ಲಿ ಕಪ್ಪೆಯ ಕಾಲಿನ ಮಾಂಸಖಂಡವನ್ನಿಟ್ಟುಕೊಂಡು ಇದನ್ನು ಸೂತ್ರವಾಗಿ ಬರೆದ. ಬಾವಿಯಿಂದ ನೀರು ಸೇದುವವರಿಗೆ ಸೂತ್ರ ಬೇಕಿಲ್ಲ. ತುಂಬಿದ ಕೊಡವನ್ನು ಯಾರೂ ಖಾಲಿ ಕೊಡದ ವೇಗದಲ್ಲಿ ಎಳೆಯಲಾರರು.

ಚಿಕ್ಕ ದೇಹದ ಕಷ್ಟ ಇದೇ. ಕೆಲಸ ಮಾಡುವ ಶಕ್ತಿ ಇದೆ, ಮಾಡಲು ಪುರುಸೊತ್ತಿಲ್ಲ.

ಉಪಾಯವೇನು? ಬಾಣವನ್ನು ಕೈಯಲ್ಲಿ ಹಿಡಿದು ಎಸೆದು ನೋಡಿ. ಹತ್ತು ಮಾರು ಹೋಗಿ ಮಣ್ಣು ಕಚ್ಚುತ್ತದೆ. ಅದೇ ತೋಳು, ಅದೇ ಬಾಣ, ನಡುವೆ ಒಂದು ಬಿಲ್ಲು ಬಂದರೆ ಕಥೆಯೇ ಬೇರೆ. ತೋಳಿನ ಶಕ್ತಿ ಹೆಚ್ಚಿಲ್ಲ. ತೋಳು ನಿಧಾನವಾಗಿ ಮಾಡಿದ ಕೆಲಸವನ್ನು ಬಿಲ್ಲು ತನ್ನ ಬಾಗಿನಲ್ಲಿ ಕೂಡಿಟ್ಟುಕೊಂಡು ಒಮ್ಮೆಗೇ ಬಿಟ್ಟುಕೊಡುತ್ತದೆ. ಸೀಬೆ ಮರದ ಕವೆಗೆ ಸೈಕಲ್ ಟ್ಯೂಬಿನ ಪಟ್ಟಿ ಕಟ್ಟಿ ಕ್ಯಾಟರ್‌ಬಿಲ್ಲು ಮಾಡಿದವರೆಲ್ಲ ಈ ಪಾಠ ಕಲಿತವರೇ. ಇದಕ್ಕೆ ಮೂರು ಸಾಮಾನು ಬೇಕು: ನಿಧಾನವಾಗಿ ಎಳೆಯುವ ಕೈ, ಎಳೆತ ಹಿಡಿದಿಟ್ಟುಕೊಳ್ಳುವ ರಬ್ಬರು, ಸರಿಯಾದ ಗಳಿಗೆಯವರೆಗೂ ಬಿಡದ ಚಿಲಕ. ಮೂರರಲ್ಲಿ ನನಗೆ ಅತಿ ಸೋಜಿಗವಾಗಿ ಕಾಣುವುದು ಚಿಲಕ. ಜಿಗಿತದ ಅರ್ಧ ಕೌಶಲ ಜಿಗಿಯದೇ ಇರುವುದರಲ್ಲಿದೆ.

ಮಿಡತೆಯ ಚಿಲಕವನ್ನು ಕಣ್ಣಳತೆಯಲ್ಲೇ ನೋಡಬಹುದು. ಅದರ ಹಿಂಗಾಲಿನ ತೊಡೆ ಕೋಳಿಯ ತೊಡೆಯಂತೆ ದಪ್ಪ, ಮೊಣಕಾಲಿನಿಂದ ಕೆಳಗೆ ಕಡ್ಡಿ. ತೊಡೆಯೊಳಗೆ ಎರಡು ಮಾಂಸಖಂಡಗಳಿವೆ. ಕಾಲು ಚಾಚುವುದು ದೊಡ್ಡದು, ಮಡಿಸುವುದು ಸಣ್ಣದು. ಜಿಗಿಯುವ ಮುನ್ನ ಮಿಡತೆ ಕಾಲನ್ನು ಪೂರ್ತಿ ಮಡಿಸುತ್ತದೆ. ಆಮೇಲೆ ಎರಡು ಮಾಂಸಖಂಡಗಳನ್ನೂ ಒಟ್ಟಿಗೇ ಬಿಗಿಯುತ್ತದೆ! ದೊಡ್ಡದು ಚಾಚಲು ಎಳೆಯುತ್ತಿದೆ, ಸಣ್ಣದು ಬಿಡುತ್ತಿಲ್ಲ. ಸಣ್ಣದು ಗೆಲ್ಲುವುದು ಹೇಗೆ? ಬಾಗಿಲಿನ ಲೆಕ್ಕ. ಕೀಲಿನ ಪಕ್ಕದಲ್ಲಿ ನಿಂತು ದೊಡ್ಡವರು ತಳ್ಳಲಿ, ಅಂಚಿನಲ್ಲಿ ಒಂದು ಮಗು ಒತ್ತಿ ಹಿಡಿದರೆ ಬಾಗಿಲು ಅಲ್ಲಾಡುವುದಿಲ್ಲ. ಕಾಲು ಪೂರ್ತಿ ಮಡಿಸಿದಾಗ ದೊಡ್ಡ ಮಾಂಸಖಂಡದ ಎಳೆತ ಕೀಲಿನ ಹತ್ತಿರದಿಂದಲೇ ಹಾಯುತ್ತದೆ, ಸಣ್ಣದಕ್ಕೆ ಅಂಚು ಸಿಗುತ್ತದೆ. ಸಾಲದ್ದಕ್ಕೆ ಮೊಣಕಾಲಿನೊಳಗೆ ಒಂದು ಪುಟ್ಟ ಉಬ್ಬು ಇದೆ, ಸಣ್ಣ ಮಾಂಸಖಂಡದ ನಾರು ಅದಕ್ಕೆ ತಗುಲಿಕೊಂಡು ನಿಲ್ಲುತ್ತದೆ. 1974ರಲ್ಲಿ ಇದನ್ನು ವಿವರಿಸಿದ ವಿಜ್ಞಾನಿಯ ಹೆಸರಿನಿಂದ ಅದನ್ನು ಹೈಟ್ಲರನ ಉಬ್ಬು ಎಂದೇ ಕರೆಯುತ್ತಾರೆ.

ಈ ಹಗ್ಗಜಗ್ಗಾಟ ಸುಮಾರು ಅರ್ಧ ಸೆಕೆಂಡು ನಡೆಯುತ್ತದೆ. ಹೊರಗೆ ನೋಡುವವರಿಗೆ ಮಿಡತೆ ಸುಮ್ಮನೆ ಕೂತಿದೆ. ಒಳಗೆ ಮೊಣಕಾಲಿನ ಎರಡು ಪಕ್ಕದ ಅರ್ಧಚಂದ್ರಾಕಾರದ ಗಡುಸು ಪಟ್ಟಿಗಳು ಬಿಲ್ಲಿನಂತೆ ಬಾಗುತ್ತಿವೆ, ದೊಡ್ಡ ಮಾಂಸಖಂಡದ ನಾರು ಹಿಗ್ಗುತ್ತಿದೆ. ಆಮೇಲೆ ಸಣ್ಣ ಮಾಂಸಖಂಡ ತಟ್ಟನೆ ಸಡಿಲವಾಗುತ್ತದೆ. ಅಷ್ಟೇ. ಸೆಕೆಂಡಿನ ಮೂವತ್ತನೇ ಒಂದು ಪಾಲಿನಲ್ಲಿ ಕಾಲು ನೆಟ್ಟಗಾಗಿ ಮಿಡತೆ ಸೆಕೆಂಡಿಗೆ ಮೂರು ಮೀಟರ್ ವೇಗದಲ್ಲಿ ನೆಲ ಬಿಟ್ಟಿರುತ್ತದೆ, ಬಿದ್ದರೆ ಸುಮಾರು ಒಂದು ಮೀಟರ್ ಆಚೆ. ಕೇರಂ ಬೋರ್ಡಿನ ಮೇಲೆ ನಡೆದದ್ದೂ ಇದೇ. ಹುಡುಗ ಬೆರಳು ಸಿಕ್ಕಿಸುತ್ತಿದ್ದಾಗ ಮಿಡತೆಯೂ ಸಿಕ್ಕಿಸುತ್ತಿತ್ತು. ಮೊದಲು ಬಿಟ್ಟಿದ್ದು ಅದು.

ಬೆರಳಿನ ಮಾತು ಬರಿಯ ಹೋಲಿಕೆಯಲ್ಲ. ಚಿಟಿಕೆ ಹೊಡೆಯುವುದನ್ನು 2021ರಲ್ಲಿ ಅಮೆರಿಕದ ಜಾರ್ಜಿಯಾ ಟೆಕ್‌ನ ಸಾದ್ ಭಾಮ್ಲಾ ಮತ್ತು ಸಂಗಡಿಗರು ವೇಗದ ಕ್ಯಾಮೆರಾದಲ್ಲಿ ಹಿಡಿದು ಅಳೆದರು. ಹೆಬ್ಬೆರಳಿನಿಂದ ಜಾರಿದ ಬೆರಳು ಅಂಗೈಗೆ ಬಡಿಯಲು ಏಳು ಮಿಲಿಸೆಕೆಂಡು ಸಾಕು. ಇಲ್ಲಿ ಚಿಲಕದ ಕೆಲಸ ಮಾಡುವುದು ಚರ್ಮದ ಉಜ್ಜು. ಬೆರಳಿಗೆ ಲೋಹದ ಟೊಪ್ಪಿ ಹಾಕಿದರೆ ಹಿಡಿತ ಸಿಗದೆ ಚಿಟಿಕೆ ಸಪ್ಪೆಯಾಗುತ್ತದೆ. ಎಣ್ಣೆಗೈಯಲ್ಲಿ ಚಿಟಿಕೆ ಹೊಡೆಯಲು ಹೋದವರಿಗೆ ಇದು ಮೊದಲೇ ಗೊತ್ತು.

ಇನ್ನು ಚಿಗಟ. ನಾಯಿ ಸಾಕಿದವರು ಉಣ್ಣೆಯನ್ನೂ ಚಿಗಟವನ್ನೂ ಒಂದೇ ಮಾಡಿ ಮಾತಾಡುತ್ತಾರೆ. ಉಣ್ಣೆ ಜಿಗಿಯುವುದಿಲ್ಲ, ಅದು ಕೀಟವೂ ಅಲ್ಲ. ಕೂದಲ ನಡುವೆ ಕಂಡು, ಹಿಡಿಯಲು ಹೋದರೆ ಇಲ್ಲವಾಗುವುದು ಚಿಗಟ. ಈ ಪ್ರಾಣಿ ಮನುಷ್ಯನ ಕುತೂಹಲವನ್ನು ಎಷ್ಟು ಕಾಲದಿಂದ ಕೆಣಕಿದೆಯೆಂದರೆ, ಕ್ರಿಸ್ತಪೂರ್ವ 423ರಲ್ಲಿ ಅಥೆನ್ಸ್‌ನಲ್ಲಿ ಆಡಿದ ಅರಿಸ್ಟೊಫನೀಸನ 'ಮೋಡಗಳು' ನಾಟಕದಲ್ಲಿ ಸಾಕ್ರಟೀಸನು ಚಿಗಟದ ಕಾಲನ್ನು ಮೇಣದಲ್ಲಿ ಅದ್ದಿ, ಆ ಪಾದದ ಅಳತೆಯಿಂದ ಅದರ ಜಿಗಿತವನ್ನು ಅಳೆಯುವ ಪ್ರಸಂಗವಿದೆ. ತತ್ತ್ವಜ್ಞಾನಿಯನ್ನು ಗೇಲಿ ಮಾಡಲು ಬರೆದದ್ದು. ಎರಡೂವರೆ ಸಾವಿರ ವರ್ಷದ ಮೇಲೆ ಓದಿದರೆ ಪ್ರಯೋಗ ಅಷ್ಟೇನೂ ಕೆಟ್ಟದಾಗಿಲ್ಲ.

ಚಿಗಟದ ರಬ್ಬರು ಸಿಕ್ಕಿದ್ದು ಬೇರೆ ಹುಳದಲ್ಲಿ. ಡೆನ್ಮಾರ್ಕಿನ ಟಾರ್ಕೆಲ್ ವೈಸ್-ಫಾಗ್ 1960ರಲ್ಲಿ ಮಿಡತೆಯ ರೆಕ್ಕೆಯ ಬುಡದಲ್ಲಿ ಮತ್ತು ಏರೋಪ್ಲೇನ್ ಚಿಟ್ಟೆಯ ನಾರಿನಲ್ಲಿ ಒಂದು ವಿಚಿತ್ರ ಪ್ರೋಟೀನು ಕಂಡ. ಎಳೆದು ಬಿಟ್ಟರೆ ಕೊಟ್ಟ ಶಕ್ತಿಯ ನೂರಕ್ಕೆ 97ರಷ್ಟನ್ನು ವಾಪಸು ಕೊಡುವ ವಸ್ತು. ರೆಸಿಲಿನ್ ಎಂದು ಹೆಸರಿಟ್ಟರು. ಏಳು ವರ್ಷದ ನಂತರ ಹೆನ್ರಿ ಬೆನೆಟ್-ಕ್ಲಾರ್ಕ್ ಮತ್ತು ಲೂಸಿ ಎಂಬಿಬ್ಬರು ಮೊಲದ ಚಿಗಟದ ಜಿಗಿತವನ್ನು ಚಿತ್ರೀಕರಿಸಿ, ಅದರ ಹಿಂಗಾಲಿನ ಬುಡದಲ್ಲಿ ಇದೇ ರೆಸಿಲಿನ್‌ನ ಒಂದು ಮೆತ್ತೆ ಇರುವುದನ್ನೂ, ಜಿಗಿತದ ಶಕ್ತಿ ಅಲ್ಲೇ ಕೂಡಿಟ್ಟಿರುವುದನ್ನೂ ತೋರಿಸಿದರು. ಚಿಗಟದ ಪೂರ್ವಜರಿಗೆ ರೆಕ್ಕೆ ಇತ್ತು. ರೆಕ್ಕೆ ಹೋಯಿತು, ರೆಕ್ಕೆಯ ಕೀಲಿನ ರಬ್ಬರನ್ನು ಕಾಲು ಉಳಿಸಿಕೊಂಡಿತು. ಹೀಗೆಂದು ವಾದಿಸಿದವರು ಮಿರಿಯಂ ರಾತ್ಸ್‌ಚೈಲ್ಡ್. ಆ ಹೆಸರಾಂತ ಬ್ಯಾಂಕ್ ಮನೆತನದ ಮಗಳು, ಕಾಲೇಜಿನ ಪದವಿ ಪಡೆಯದೆ ಚಿಗಟಗಳ ಬಗ್ಗೆ ಜಗತ್ತಿಗೇ ಪಾಠ ಹೇಳಿದಾಕೆ.

ಇಲ್ಲೊಂದು ಸೊಗಸಾದ ಜಗಳ ಹುಟ್ಟಿತು. ರಬ್ಬರು ಕಾಲಿನ ಬುಡದಲ್ಲಿದೆ ಸರಿ, ಆದರೆ ಚಿಗಟ ನೆಲವನ್ನು ಒತ್ತುವುದು ಯಾವ ಅಂಗದಿಂದ? ಕಾಲಿನ ಮೇಲ್ಗೀಲಿನಿಂದ ಎಂದರು ರಾತ್ಸ್‌ಚೈಲ್ಡ್. ಪಾದದಿಂದ, ಇಡೀ ಕಾಲು ಸನ್ನೆಗೋಲಿನಂತೆ ಕೆಲಸ ಮಾಡುತ್ತದೆ ಎಂದರು ಬೆನೆಟ್-ಕ್ಲಾರ್ಕ್. ಇಬ್ಬರ ಕ್ಯಾಮೆರಾಗಳೂ ತೀರ್ಪು ಕೊಡುವಷ್ಟು ಚುರುಕಾಗಿರಲಿಲ್ಲ. ವ್ಯಾಜ್ಯ ನಲವತ್ತನಾಲ್ಕು ವರ್ಷ ನಡೆಯಿತು, ನಮ್ಮ ಜಮೀನಿನ ಕೇಸುಗಳ ಹಾಗೆ. 2011ರಲ್ಲಿ ಕೇಂಬ್ರಿಜ್‌ನ ಗ್ರೆಗೊರಿ ಸಟನ್ ಮತ್ತು ಮಾಲ್ಕಂ ಬರೋಸ್ ಮುಳ್ಳಿಲಿಗಳ ಮೈಮೇಲಿನ ಹತ್ತು ಚಿಗಟಗಳನ್ನು ತಂದು ಐವತ್ತೊಂದು ಜಿಗಿತಗಳನ್ನು ಸೆಕೆಂಡಿಗೆ ಐದು ಸಾವಿರ ಚಿತ್ರಗಳ ವೇಗದಲ್ಲಿ ಹಿಡಿದರು. ಕತ್ತಲೆಯಲ್ಲಿ ಚಿಗಟ ಅಲ್ಲಾಡದೆ ಕೂರುತ್ತದೆ, ಬೆಳಕು ಬಂದರೆ ಹಾರುತ್ತದೆ ಎಂಬುದು ಅವರಿಗೆ ಅನುಕೂಲವಾಯಿತು. ಕೆಲವು ಜಿಗಿತಗಳಲ್ಲಿ ಮೇಲ್ಗೀಲು ನೆಲಕ್ಕೆ ತಾಗಿರಲೇ ಇಲ್ಲ, ಆದರೂ ಜಿಗಿತದಲ್ಲಿ ಏನೂ ಕೊರತೆಯಿರಲಿಲ್ಲ. ನೆಲ ಕಚ್ಚುವ ಮುಳ್ಳುಗಳಿದ್ದದ್ದೂ ಪಾದದ ಕಡೆಯಲ್ಲೇ. ಬೆನೆಟ್-ಕ್ಲಾರ್ಕ್ ಗೆದ್ದರು. ಮೇಣದಲ್ಲಿ ಪಾದವನ್ನೇ ಅದ್ದಿದ ಗ್ರೀಕನಿಗೂ ಅರ್ಧ ಅಂಕ ಕೊಡಬಹುದು.

ಚಿಗಟ ಎಷ್ಟೆತ್ತರ ಹಾರುತ್ತದೆ ಎಂಬ ಪ್ರಶ್ನೆ ಒಂದು ಕಾಲದಲ್ಲಿ ನಮ್ಮ ನಾಡಿನಲ್ಲಿ ಜೀವ-ಸಾವಿನ ಪ್ರಶ್ನೆಯಾಗಿತ್ತು. 1898ರ ಪ್ಲೇಗು ಬೆಂಗಳೂರನ್ನು ಹೇಗೆ ಅಲ್ಲಾಡಿಸಿತೆಂಬುದಕ್ಕೆ ಪ್ಲೇಗ್ ಮಾರಮ್ಮನ ಗುಡಿಗಳು ಸಾಕ್ಷಿ. ಇಕ್ಕಟ್ಟಿನ ಪೇಟೆಯಿಂದಾಚೆ ಬಸವನಗುಡಿ, ಮಲ್ಲೇಶ್ವರಗಳು ಬೆಳೆದದ್ದು ಆ ಭೀತಿಯಲ್ಲೇ. ಅದೇ ವರ್ಷ ಕರಾಚಿಯಲ್ಲಿ ಪಾಲ್-ಲೂಯಿ ಸಿಮಂಡ್ ಎಂಬ ಫ್ರೆಂಚ್ ವೈದ್ಯ, ರೋಗ ಹರಡುವುದು ಇಲಿಯ ಮೈಮೇಲಿನ ಚಿಗಟದಿಂದ ಎಂದು ಪ್ರಯೋಗ ಮಾಡಿ ತೋರಿಸಿದಾಗ ಬಹಳ ಮಂದಿ ನಂಬಲಿಲ್ಲ. 1905ರಿಂದ ಮುಂಬಯಿಯಲ್ಲಿ ಕೆಲಸ ಮಾಡಿದ ಪ್ಲೇಗ್ ಆಯೋಗ ಅದನ್ನು ಖಚಿತಪಡಿಸಿತು. ಅದರ ಒಂದು ಪ್ರಯೋಗ ಶುದ್ಧ ಭೌತಶಾಸ್ತ್ರ. ಸೋಂಕಿತ ಚಿಗಟಗಳಿದ್ದ ಜಾಗದಲ್ಲಿ ಗಿನಿಹಂದಿಗಳ ಪಂಜರಗಳನ್ನು ಬೇರೆಬೇರೆ ಎತ್ತರದಲ್ಲಿಟ್ಟರು. ನೆಲದಿಂದ ಎರಡು ಇಂಚು ಮೇಲಿದ್ದವಕ್ಕೆ ಪ್ಲೇಗು ಬಂತು. ಎರಡಡಿ ಮೇಲೆ ತೂಗಿಬಿಟ್ಟವಕ್ಕೆ ಬರಲಿಲ್ಲ. ಇಲಿಯ ಚಿಗಟ ನಾಲ್ಕೈದು ಇಂಚಿಗಿಂತ ಮೇಲೆ ಹಾರಲಾರದು. ರೋಗ ಗಾಳಿಯಲ್ಲಿ ಬರುವುದಾಗಿದ್ದರೆ ಎರಡಡಿಯ ಎತ್ತರ ಯಾರನ್ನೂ ಕಾಯುತ್ತಿರಲಿಲ್ಲ.

ಗಾಳಿಯೆಂದ ಮೇಲೆ ಇನ್ನೊಂದು ಮಾತು. ಬೊರೆಲ್ಲಿಯ ಲೆಕ್ಕದಲ್ಲಿ ಗಾಳಿ ಇರಲಿಲ್ಲ. ಮೊಲದ ಚಿಗಟ ಸೆಕೆಂಡಿಗೆ ಒಂದು ಮೀಟರ್ ವೇಗದಲ್ಲಿ ಚಿಮ್ಮಿದರೆ ಗಾಳಿಯಿಲ್ಲದ ಕಡೆ ಐದು ಸೆಂಟಿಮೀಟರ್ ಏರಬೇಕು. ನಿಜದಲ್ಲಿ ಏರುವುದು ಮೂರೂವರೆ. ತೂಕ ಕಡಿಮೆ, ಮೈಯ ಹರವು ಅದಕ್ಕೆ ಹೋಲಿಸಿದರೆ ಹೆಚ್ಚು. ಹತ್ತಿಯ ಉಂಡೆಯನ್ನು ಬಲವಾಗಿ ಎಸೆದ ಹಾಗೆ. ನಮಗೆ ಲೆಕ್ಕಕ್ಕಿಲ್ಲದ ಗಾಳಿ ಅದಕ್ಕೆ ತೆಳುವಾದ ನೀರಿದ್ದಂತೆ.

ಚಿಗಟದ ಪ್ರಚಾರಕ್ಕೆ ಹೋಲಿಸಿದರೆ ನಿಜವಾದ ಚಾಂಪಿಯನ್ನು ತೀರಾ ಅನಾಮಿಕ. ಗಿಡದ ಕಾಂಡದ ಮೇಲೆ ಯಾರೋ ಉಗಿದಂತೆ ನೊರೆ ಅಂಟಿಕೊಂಡಿರುವುದನ್ನು ನೋಡಿರುತ್ತೀರಿ. ಅದರೊಳಗೆ ರಸ ಹೀರುತ್ತ ಕೂತಿರುವ ಮರಿ ಬೆಳೆದು ಆರು ಮಿಲಿಮೀಟರಿನ ಜಿಗಿಹುಳುವಾಗುತ್ತದೆ. ನಮ್ಮ ಮಾವಿನ ಹೂವಿಗೆ ಬೀಳುವ ಜಿಗಿಹುಳು, ಗಂಗಾವತಿ-ಸಿಂಧನೂರಿನ ಭತ್ತದ ರೈತರ ನಿದ್ದೆ ಕೆಡಿಸುವ ಕಂದು ಜಿಗಿಹುಳು, ಇವೆಲ್ಲ ಇದರ ದೂರದ ನೆಂಟರು. ಯುರೋಪಿನ ನೊರೆಹುಳುವನ್ನು ಬರೋಸ್ 2003ರಲ್ಲಿ ಅಳೆದಾಗ ಅದು 70 ಸೆಂಟಿಮೀಟರ್ ಎತ್ತರ ಹಾರಿತ್ತು. ಒಂದು ಮಿಲಿಸೆಕೆಂಡೂ ಪೂರ್ತಿಯಾಗುವ ಮೊದಲು ಅದರ ವೇಗ ಸೆಕೆಂಡಿಗೆ 4.7 ಮೀಟರ್ ಮುಟ್ಟಬಲ್ಲದು. ಕಾಲು ನೆಲವನ್ನು ಒತ್ತುವ ಬಲ ಅದರ ತೂಕದ ನಾನೂರು ಪಟ್ಟಿಗೂ ಹೆಚ್ಚು. ಪೆನ್ಸಿಲ್ ಹಿಡಿದು ಲೆಕ್ಕ ಹಾಕಿದೆ. ಒಂದು ಕಿಲೋ ನೊರೆಹುಳು ಒಟ್ಟಿಗೆ ಚಿಮ್ಮಿದರೆ ಆ ಮಿಲಿಸೆಕೆಂಡಿನ ಮಟ್ಟಿಗೆ ಸುಮಾರು 15 ಹಾರ್ಸ್‌ಪವರ್. ತಮ್ಮನ ತೋಟದ ಬೋರ್‌ವೆಲ್ಲಿಗೆ ಇರುವುದು ಏಳೂವರೆ ಎಚ್‌ಪಿ ಮೋಟರು.

ಈ ಪವಾಡಕ್ಕೆ ಅದು ತೆರುವ ಬೆಲೆಯೂ ಇದೆ. ಹಿಂಗಾಲುಗಳು ಜಿಗಿತಕ್ಕೇ ಮೀಸಲು. ನಡೆಯುವಾಗ ಅವನ್ನು ಎಳೆದುಕೊಂಡು ಹೋಗಬೇಕು. ಜಿಗಿಯುವ ಮೊದಲು ಹಿಂಗಾಲನ್ನು ಹೊಟ್ಟೆಯಡಿ ಮಡಿಸಿ ಒಂದು ಗಂಟಿಗೆ ಸಿಕ್ಕಿಸಿ, ಎದೆಯೊಳಗಿನ ದಪ್ಪ ಮಾಂಸಖಂಡಗಳನ್ನು ನಿಧಾನವಾಗಿ ಬಿಗಿಯುತ್ತ ಹೋಗುತ್ತದೆ. ಗಡುಸು ಚಿಪ್ಪು ಮತ್ತು ರೆಸಿಲಿನ್ ಎರಡೂ ಬೆಸೆದ ಬಿಲ್ಲು ಒಳಗೆ ಬಾಗುತ್ತದೆ. ಗಂಟು ಕಳಚಿದಾಗ ಟಪ್ ಎಂದು ಸದ್ದು.

ಇಷ್ಟು ಬೇಗ ಚಿಮ್ಮುವಾಗ ಇನ್ನೊಂದು ಪೇಚಿದೆ. ಎರಡು ಕಾಲೂ ಒಂದೇ ಕ್ಷಣಕ್ಕೆ ಬಿಡಬೇಕು. ಒಂದು ಚೂರು ಹಿಂದೆಬಿದ್ದರೂ ದೇಹ ಬುಗುರಿಯಂತೆ ಗಿರ್ರನೆ ತಿರುಗುತ್ತದೆ. 'ಈಗ ಬಿಡಿ' ಎಂದು ನರಗಳ ಮೂಲಕ ಹೇಳಿ ಕಳಿಸೋಣವೆಂದರೆ, ನರದ ಸುದ್ದಿ ತಲುಪಲು ಒಂದು ಮಿಲಿಸೆಕೆಂಡು ಬೇಕು, ಅಷ್ಟರಲ್ಲಿ ಜಿಗಿತವೇ ಮುಗಿದಿರುತ್ತದೆ. ಇಸ್ಸಸ್ ಎಂಬ ಯುರೋಪಿನ ಜಿಗಿಹುಳುವಿನ ಮರಿ ಇದಕ್ಕೆ ಕಂಡುಕೊಂಡ ಪರಿಹಾರವನ್ನು ಸಟನ್ ಮತ್ತು ಬರೋಸ್ 2013ರಲ್ಲಿ ಪ್ರಕಟಿಸಿದಾಗ ಎಂಜಿನಿಯರುಗಳೂ ಬಾಯಿಬಿಟ್ಟರು. ಅದರ ಎರಡು ಹಿಂಗಾಲುಗಳ ಬುಡದಲ್ಲಿ ಹತ್ತು-ಹನ್ನೆರಡು ಹಲ್ಲಿನ ಗೇರುಗಳಿವೆ! ಹೋಲಿಕೆಯ ಮಾತಲ್ಲ, ನಿಜವಾದ ಗೇರು. ಆಲೆಮನೆಯ ಗಾಣದ ಹಲ್ಲುಗಾಲಿಗಳ ಹಾಗೆ ಒಂದರ ಹಲ್ಲು ಇನ್ನೊಂದರ ಸಂದಿಗೆ ಕೂತು ಉರುಳುತ್ತವೆ. ಒಂದು ಕಾಲು ಹೊರಟರೆ ಇನ್ನೊಂದು ಹೊರಡಲೇಬೇಕು, ಎರಡರ ನಡುವಿನ ಅಂತರ ಒಂದು ಮಿಲಿಸೆಕೆಂಡಿನ ಮೂವತ್ತನೇ ಒಂದು ಪಾಲು. ಮನುಷ್ಯ ಗಾಲಿಗೆ ಹಲ್ಲು ಕೊರೆಯುವ ಎಷ್ಟೋ ಮೊದಲೇ ಪೊದೆಯಲ್ಲಿ ಗೇರು ಓಡುತ್ತಿತ್ತು. ಇನ್ನೂ ತಮಾಷೆಯೆಂದರೆ, ಪೊರೆ ಕಳಚಿ ದೊಡ್ಡದಾದ ಮೇಲೆ ಈ ಹಲ್ಲುಗಳು ಇರುವುದಿಲ್ಲ. ಮರಿಗೆ ಹಲ್ಲು ಮುರಿದರೆ ಮುಂದಿನ ಪೊರೆಯಲ್ಲಿ ಹೊಸದು ಬರುತ್ತದೆ, ದೊಡ್ಡದಕ್ಕೆ ಇನ್ನು ಪೊರೆಯಿಲ್ಲ, ಹಾಗಾಗಿ ಅದು ಬೇರೆ ದಾರಿ ನೋಡಿಕೊಂಡಿದೆ ಎಂಬುದು ಆ ವಿಜ್ಞಾನಿಗಳ ಊಹೆ. ಹಾಲುಹಲ್ಲು ಬಿದ್ದ ಮೇಲೆ ಹಲ್ಲೇ ಬೇಡ ಅಂದಂತೆ.

ಕಾಲೇ ಬಳಸದೆ ಹಾರುವವೂ ಇವೆ. ಮಳೆಗಾಲದ ರಾತ್ರಿ ದೀಪಕ್ಕೆ ಬಂದು ಬಿದ್ದ ಉದ್ದನೆಯ ಕಂದು ದುಂಬಿಯೊಂದು ಅಂಗಾತಾಗಿ, ಸತ್ತಂತೆ ಮಲಗಿ, ಇದ್ದಕ್ಕಿದ್ದಂತೆ ಟಕ್ಕೆಂದು ಚಿಮ್ಮುವುದನ್ನು ನೋಡಿರಬಹುದು. ಅದರ ಎದೆಯಲ್ಲಿ ಒಂದು ಗೂಟ, ಎದುರಿಗೆ ಒಂದು ಗುಳಿ. ಬೆನ್ನು ಬಿಲ್ಲಿನಂತೆ ಬಾಗಿಸಿ ಗೂಟವನ್ನು ಗುಳಿಯ ಅಂಚಿಗೆ ತಡೆದು ನಿಲ್ಲಿಸುತ್ತದೆ. ಅಂಚು ಜಾರಿದರೆ ಬೆನ್ನು ಮಡಚಿ ಇಡೀ ದೇಹ ಒಂದಡಿ ಮೇಲೆ. ಈ ಜಾತಿಯ ಒಂದು ದುಂಬಿಯನ್ನು 1970ರ ದಶಕದ ಮೊದಲಲ್ಲಿ ಅಳೆದಾಗ ಗುರುತ್ವದ 380 ಪಟ್ಟು ವೇಗೋತ್ಕರ್ಷ ಕಂಡಿತು. ಯುದ್ಧವಿಮಾನದ ಪೈಲಟ್ ಒಂಬತ್ತು ಪಟ್ಟಿಗೇ ಕಣ್ಣು ಕತ್ತಲೆಯಾಗಿ ಎಚ್ಚರ ತಪ್ಪುವ ಹಂತಕ್ಕೆ ಬರುತ್ತಾನೆ. ದುಂಬಿಗೆ ಏನೂ ಆಗುವುದಿಲ್ಲ, ಕಾರಣ ಮತ್ತೆ ಗಾತ್ರವೇ. ಮೈ ಚಿಕ್ಕದಾದಷ್ಟೂ ತೂಕ ಬೇಗ ಇಳಿಯುತ್ತದೆ, ಚಿಪ್ಪಿನ ಗಟ್ಟಿತನ ಅಷ್ಟು ಬೇಗ ಇಳಿಯುವುದಿಲ್ಲ. ಮಾಳಿಗೆಯಿಂದ ಬಿದ್ದ ಇರುವೆ ಎದ್ದು ನಡೆದುಹೋಗುವುದೂ ಇದೇ ಲೆಕ್ಕದಲ್ಲಿ.

ಎಲ್ಲವೂ ಬಿಲ್ಲು ಹೂಡುತ್ತವೆ ಎಂದೇನೂ ಇಲ್ಲ. ಮೈಗಿಂತ ಉದ್ದನೆಯ ಹಿಂಗಾಲಿರುವ ಪೊದೆಯ ಜೀರುಂಡೆಗಳಿಗೆ ಒತ್ತಲು ಜಾಗವೂ ಹೊತ್ತೂ ಸಿಗುತ್ತದೆ, ಅವು ನಮ್ಮಂತೆ ಮಾಂಸಖಂಡದ ಬಲದಿಂದಲೇ ಹಾರುತ್ತವೆ. ತೋಟದ ಹೊಂಡದ ನೀರಿನ ಮೇಲೆ ಓಡಾಡುವ ಉದ್ದಗಾಲಿನ ಹುಳುವಿಗಂತೂ ಬಿರುಸು ಅಪಾಯ. ಹೆಚ್ಚು ಬಲವಾಗಿ ಒದ್ದರೆ ನೀರಿನ ಪೊರೆ ಹರಿದು ಕಾಲು ಮುಳುಗುತ್ತದೆ. ಪೊರೆ ತಡೆಯುವಷ್ಟೇ ಒತ್ತುತ್ತ, ಕಾಲುಗಳನ್ನು ಒಳಕ್ಕೆ ಎಳೆದುಕೊಳ್ಳುತ್ತ ಅದು ಮೇಲೇಳುತ್ತದೆ.

ಜೋಗ ಹತ್ತುವ ಮಾತು ಬಂದಿತ್ತಲ್ಲ, ಅಲ್ಲಿ ನಿಜವಾಗಿ ಜಿಗಿಯುವವನೊಬ್ಬನಿದ್ದಾನೆ. ಪಶ್ಚಿಮಘಟ್ಟದ ಕಾಡಿನ ನೆಲದಲ್ಲಿ ದೊಡ್ಡ ಕಣ್ಣಿನ, ಮುಂದಕ್ಕೆ ಚಾಚಿದ ಇಕ್ಕಳದಂಥ ದವಡೆಯ ಒಂದು ಇರುವೆ ಇದೆ. ಮದ್ರಾಸ್ ಸೇನೆಯಲ್ಲಿ ವೈದ್ಯನಾಗಿದ್ದ ಟಿ.ಸಿ. ಜರ್ಡನ್ 1851ರಲ್ಲಿ ಅದನ್ನು ವಿವರಿಸಿ, ಹೆಸರಿನಲ್ಲೇ ಜಿಗಿತ ಸೇರಿಸಿ, 'ಸಾಲ್ಟೇಟರ್' ಎಂದ. ನಡುಗಾಲು ಮತ್ತು ಹಿಂಗಾಲು ಒಟ್ಟಿಗೆ ಒತ್ತಿ ಬೇಟೆಯ ಮೇಲೆ ಹಾರುತ್ತದೆ. ಜೋಗದ ಸುತ್ತಲಿನಿಂದ ವಿಜ್ಞಾನಿಗಳು ಕೊಂಡೊಯ್ದ ಗೂಡುಗಳಿಂದಾಗಿ ಇದು ಪರದೇಶದ ಪ್ರಯೋಗಾಲಯಗಳಲ್ಲಿ ಮನೆಮಾತು. ಇದರ ಜೀನೋಮ್ 2010ರಲ್ಲೇ ಪ್ರಕಟವಾಗಿದೆ. ಜೋಗಕ್ಕೆ ಹೋಗಿ ಬಂದ ನಮ್ಮಲ್ಲಿ ಎಷ್ಟು ಜನ ಇದನ್ನು ನೋಡಿದ್ದೇವೆ? ನಾನಂತೂ ನೋಡಿಲ್ಲ. ಧಾರೆಯನ್ನೇ ನೋಡುತ್ತ ನಿಂತು ಬಂದವನು.

ಮರುದಿನ ಬೆಳಿಗ್ಗೆ ಹುಡುಗ ತೊಂಡೆ ಚಪ್ಪರದಿಂದ ಒಂದು ಮಿಡತೆಯನ್ನು ಹಿಡಿದು ತಂದ, ಮೊಣಕಾಲಿನ ಅರ್ಧಚಂದ್ರ ನೋಡಲಿಕ್ಕೆ. ಭೂತಗನ್ನಡಿ ಇಟ್ಟರೆ ಕಾಣುತ್ತದೆ. ನೀವೂ ನೋಡಿ. ಆದರೆ ಹಿಂಗಾಲು ಹಿಡಿದು ಎತ್ತಬೇಡಿ. ಹಾಗೆ ಹಿಡಿದರೆ ಅದು ಆ ಕಾಲನ್ನು ಬುಡದಲ್ಲೇ ಕಳಚಿ ನಿಮ್ಮ ಕೈಯಲ್ಲಿ ಬಿಟ್ಟು ಹೋಗುತ್ತದೆ, ಬೆಳೆದ ಮಿಡತೆಗೆ ಆ ಕಾಲು ಮತ್ತೆ ಬರುವುದಿಲ್ಲ.